ಹಿಂದಿನ ಪಾಠವೋ, ಮುಂದಿನ ಪಾಠವೋ

ಅಮೆರಿಕದಲ್ಲಿ ಹೈಸ್ಕೂಲು ಮುಗಿಯುವುದು ಮೇ ಕೊನೆಗೆ ಅಥವಾ ಜೂನ್ ತಿಂಗಳಲ್ಲಿ. ಕಾಲೇಜು ಶುರುವಾಗುವುದು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ. ಕಾಲೇಜಿಗೆ ಹೊಸದಾಗಿ ಸೇರಲಿರುವವರ ಪೈಕಿ ಒಂದಷ್ಟು ಮಂದಿಯನ್ನು ಈ ಬೇಸಿಗೆ ರಜೆಯಲ್ಲೇ ಕರೆಸಿಕೊಂಡು, ನಾಲ್ಕೈದು ವಾರ ಗಣಿತ ಹೇಳಿಕೊಟ್ಟು, ಆಮೇಲೆ ಮೊದಲ ಸೆಮಿಸ್ಟರಿಗೆ ಕಳಿಸುವ ಪದ್ಧತಿ ಅಲ್ಲಿ ದಶಕಗಳಿಂದ ನಡೆದುಬಂದಿದೆ. ನಮ್ಮ ಕಾಲೇಜುಗಳಲ್ಲಿ ಇಂಥದ್ದನ್ನು ಬ್ರಿಡ್ಜ್ ಕೋರ್ಸ್ ಎನ್ನುತ್ತೇವೆ, ಶಾಲೆಗಳಲ್ಲಾದರೆ ಸೇತುಬಂಧ. ಹೊಸ ಮಕ್ಕಳು ಮೊದಲ ವರ್ಷದ ಗಣಿತದಲ್ಲಿ ಮುಗ್ಗರಿಸಬಾರದು ಎಂಬ ಉದ್ದೇಶದ ಬಗ್ಗೆ ಯಾರದೂ ತಕರಾರಿಲ್ಲ. ಆ ನಾಲ್ಕೈದು ವಾರಗಳಲ್ಲಿ ಏನು ಮಾಡಿಸಬೇಕು ಎಂಬಲ್ಲಿ ಮಾತ್ರ ಎರಡು ದಾರಿಗಳಿವೆ. ಹೈಸ್ಕೂಲಿನಲ್ಲಿ ಅರೆಬರೆ ಕಲಿತ ಬೀಜಗಣಿತವನ್ನು ಮೊದಲಿನಿಂದ ಮತ್ತೆ ಒಪ್ಪಿಸುವುದು ಒಂದು. ಸೆಮಿಸ್ಟರಿನಲ್ಲಿ ಬರಲಿರುವ ಗಣಿತವನ್ನೇ ಈಗಲೇ ಎತ್ತಿಕೊಂಡು, ಕಷ್ಟದ ಲೆಕ್ಕಗಳನ್ನು ಕೊಟ್ಟು, ನಾಲ್ಕು ಮಂದಿ ಜೊತೆಯಲ್ಲಿ ಕೂತು ಬಿಡಿಸುವ ರೂಢಿ ಹಾಕಿಸುವುದು ಇನ್ನೊಂದು. ಮೊದಲನೆಯದು ಸುಲಭ, ಸಹಜ, ಎಲ್ಲರಿಗೂ ಮೊದಲು ಹೊಳೆಯುವಂಥದ್ದು. ಆದರೆ ಫಲ ಕೊಟ್ಟದ್ದು ಎರಡನೆಯದು, ಅದೂ ಬೇಸಿಗೆಗೆ ನಿಂತುಹೋಗದೆ ವರ್ಷವಿಡೀ ಮುಂದುವರಿದಾಗ. ಅಲ್ಲಿ ದೊರೆತ ಸಾಕ್ಷ್ಯದಿಂದ ಹಾಗೆಂದು ನಂಬಲು ನನಗೆ ಕಾರಣಗಳಿವೆ. ಅವನ್ನು ನಿಮ್ಮ ಮುಂದಿಟ್ಟು, ನಮ್ಮ ನಾಡಿನ ಡಿಪ್ಲೊಮಾ ಮತ್ತು ಪಿಯು ಮುಗಿಸಿ ಬರುವ ಮಕ್ಕಳಿಗೆ ಅದರಿಂದ ಏನು ಸಿಗಬಹುದೆಂದು ಹೇಳುತ್ತೇನೆ.

ಮೊದಲ ವರ್ಷದ ಗಣಿತಕ್ಕೆ ಇಷ್ಟು ಮಹತ್ವ ಯಾಕೆಂದರೆ, ಎಂಜಿನಿಯರಿಂಗ್, ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ, ಹೀಗೆ ಯಾವ ಕಡೆ ಹೋಗಬೇಕಾದರೂ ಕಲನಶಾಸ್ತ್ರವೆಂಬ ಒಂದೇ ಬಾಗಿಲನ್ನು ದಾಟಬೇಕು. ಅಮೆರಿಕದಲ್ಲಿ ಆ ಬಾಗಿಲಿಗೆ ಮುಂಚೆಯೇ ಇನ್ನೊಂದು ತಡೆಯಿತ್ತು. ಕಾಲೇಜಿಗೆ ಬಂದ ಕೂಡಲೇ ಒಂದು ಪರೀಕ್ಷೆ. ಅದರಲ್ಲಿ ಅಂಕ ಕಡಿಮೆ ಬಂದರೆ ಕ್ರೆಡಿಟ್ ಸಿಗದ ಹಿಂದಿನ ಗಣಿತದ ಕೋರ್ಸುಗಳು, ಒಂದಾದಮೇಲೊಂದು. ಫೀಸು ಕಟ್ಟಬೇಕು, ಸಮಯ ಕೊಡಬೇಕು, ಪದವಿಯ ಲೆಕ್ಕಕ್ಕೆ ಮಾತ್ರ ಅದು ಸೇರುವುದಿಲ್ಲ. ಈ ಸರಣಿಯಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಕೆಲವರು ಕಾಲೇಜನ್ನೇ ಬಿಟ್ಟುಹೋಗುತ್ತಿದ್ದರು. ಆ ಪರೀಕ್ಷೆಯಾದರೂ ನಂಬಿಕೆಗೆ ಅರ್ಹವೇ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೂಗಿ ನೋಡಿದಾಗ, ಗಣಿತದ ಪರೀಕ್ಷೆ ಬರೆದವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ತಪ್ಪು ಮಟ್ಟದ ತರಗತಿಗೆ ಬಿದ್ದಿದ್ದರೆಂದು ಕಂಡಿತು. ಅಂಥವರಲ್ಲಿ ಹೆಚ್ಚಿನವರು ನೇರವಾಗಿ ಮುಂದಿನ ಕೋರ್ಸಿಗೆ ಹೋಗಿದ್ದರೆ ಪಾಸಾಗುತ್ತಿದ್ದವರು. ಬೇಸಿಗೆಯ ಗಣಿತ ಶಿಬಿರಗಳು ಬಹುಪಾಲು ಹುಟ್ಟಿಕೊಂಡದ್ದು ಈ ಸರಣಿಯನ್ನು ಕಿರಿದು ಮಾಡಲಿಕ್ಕೆ: ಒಂದು ಸೆಮಿಸ್ಟರಿನ ಹಿಂದಿನ ಪಾಠವನ್ನು ರಜೆಯ ನಾಲ್ಕೈದು ವಾರಕ್ಕೆ ಅಡಕಿಬಿಟ್ಟರೆ ಹುಡುಗನಿಗೆ ಒಂದು ಸೆಮಿಸ್ಟರು ಉಳಿಯಿತಲ್ಲ ಎಂಬ ಲೆಕ್ಕಾಚಾರ.

ಆ ಲೆಕ್ಕಾಚಾರ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಟೆಕ್ಸಾಸ್ ರಾಜ್ಯದಲ್ಲಿ 2009ರ ಬೇಸಿಗೆಯಲ್ಲಿ ಒಂದು ಒಳ್ಳೆಯ ಪರೀಕ್ಷೆ ನಡೆಯಿತು. ಇಂಥ ಶಿಬಿರಗಳ ಬಗ್ಗೆ ಬರುವ ಹೆಚ್ಚಿನ ವರದಿಗಳಲ್ಲಿ ಒಂದು ದೊಡ್ಡ ಕೊರತೆಯಿರುತ್ತದೆ. ರಜೆ ಬಿಟ್ಟು ತಾವಾಗಿ ಬಂದು ಸೇರುವವರು ಮೊದಲೇ ಹುಮ್ಮಸ್ಸಿನವರು. ಅವರು ಮುಂದೆ ಚೆನ್ನಾಗಿ ಓದಿದರೆ ಅದು ಶಿಬಿರದ ಗುಣವೋ ಅವರದೇ ಗುಣವೋ ಹೇಳಲಾಗದು. ಟೆಕ್ಸಾಸಿನಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲದಂತೆ ಮಾಡಿದರು. ಎಂಟು ಕಾಲೇಜುಗಳಲ್ಲಿ ಸೇರಲು ಒಪ್ಪಿದ ಸುಮಾರು 1,300 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಶಿಬಿರ, ಇನ್ನೊಂದು ಪಾಲಿಗೆ ಕಾಲೇಜಿನ ಮಾಮೂಲು ಸೌಲಭ್ಯ ಎಂದು ನಿಗದಿಮಾಡಿದರು. ಶಿಬಿರ ನಾಲ್ಕೈದು ವಾರ, ದಿನಕ್ಕೆ ಮೂರರಿಂದ ಆರು ಗಂಟೆ. ಗಣಿತ, ಓದು, ಬರಹದಲ್ಲಿ ಹಿಂದಿನ ಪಾಠಗಳ ಬೋಧನೆ, ಜೊತೆಗೆ ಕಾಲೇಜಿನ ರೀತಿನೀತಿಗಳ ಪರಿಚಯ. ರಜೆಯಲ್ಲಿ ದುಡಿಯಬೇಕಾದ ಮನೆಯ ಮಕ್ಕಳಿಗೆ ನಷ್ಟವಾಗಬಾರದೆಂದು 400 ಡಾಲರಿನವರೆಗೆ ಭತ್ಯೆಯೂ ಇತ್ತು. ಎರಡು ವರ್ಷ ಇವರೆಲ್ಲರ ಓದನ್ನು ಹಿಂಬಾಲಿಸಿ 2012ರಲ್ಲಿ ಫಲಿತಾಂಶ ಹೊರಬಂತು. ಶಿಬಿರಕ್ಕೆ ಬಂದವರು ಮೊದಲ ಒಂದೂವರೆ ವರ್ಷದಲ್ಲಿ ಕಾಲೇಜು ಮಟ್ಟದ ಮೊದಲ ಗಣಿತ ಕೋರ್ಸನ್ನು ಹೆಚ್ಚು ಸಂಖ್ಯೆಯಲ್ಲಿ ಪಾಸು ಮಾಡಿದ್ದರು. ಎರಡು ವರ್ಷ ತುಂಬುವ ಹೊತ್ತಿಗೆ ಉಳಿದವರೂ ಅಲ್ಲಿಗೆ ಬಂದು ಮುಟ್ಟಿದ್ದರು. ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. ಗಳಿಸಿದ ಒಟ್ಟು ಕ್ರೆಡಿಟ್‌ಗಳಲ್ಲಾಗಲಿ, ಕಾಲೇಜಿನಲ್ಲಿ ಉಳಿದುಕೊಂಡವರ ಪ್ರಮಾಣದಲ್ಲಾಗಲಿ ವ್ಯತ್ಯಾಸವೇ ಕಾಣಲಿಲ್ಲ.

ಇದನ್ನು ಸೋಲು ಎಂದು ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಬೇಗನೆ ಗಣಿತ ಪಾಸಾದರೆ ಒಬ್ಬ ಹುಡುಗಿಗೆ ಅದು ಸಣ್ಣ ಲಾಭವಲ್ಲ. ಆದರೆ ಆ ಲಾಭ ಯಾಕೆ ಕರಗಿತು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರ ಎಂದರೂ ಎಲ್ಲ ಸೇರಿ 80 ಗಂಟೆ. ಅದರಲ್ಲಿ ಗಣಿತಕ್ಕೆ ಸಿಗುವುದು ಒಂದು ಪಾಲು ಮಾತ್ರ. ಶಾಲೆಯ ಹತ್ತು ಹನ್ನೆರಡು ವರ್ಷದಲ್ಲಿ ಕೂರದೆ ಹೋದದ್ದನ್ನು, ಅದೇ ಕ್ರಮದಲ್ಲಿ, ಅದೇ ಕರಿಹಲಗೆಯ ರೀತಿಯಲ್ಲಿ, ಇನ್ನೂ ವೇಗವಾಗಿ ಇಷ್ಟರಲ್ಲಿ ಕೂರಿಸುತ್ತೇವೆ ಎಂದು ಹೊರಡುವುದರಲ್ಲೇ ಎಡವಟ್ಟಿದೆ. ಮೊದಲ ಸಲ ತಿಳಿಯದ್ದಕ್ಕೆ ಕಾರಣ ಸಮಯದ ಕೊರತೆಯಷ್ಟೇ ಆಗಿದ್ದರೆ ಎರಡನೆಯ ಸಲ ಹೇಳಿದಾಗ ತಿಳಿಯುತ್ತಿತ್ತು. ಅದಲ್ಲದೆ ಹದಿನೆಂಟು ವರ್ಷದ, ಈಗಷ್ಟೇ ಕಾಲೇಜಿಗೆ ಕಾಲಿಟ್ಟ ವ್ಯಕ್ತಿಯನ್ನು ಮೊದಲ ದಿನವೇ ಭಿನ್ನರಾಶಿಯ ಕೂಡುವಿಕೆಗೆ ಕೂರಿಸಿದರೆ, ನಿನಗಿನ್ನೂ ಯೋಗ್ಯತೆ ಬಂದಿಲ್ಲ ಎಂಬ ಮಾತು ಬಾಯಿಬಿಟ್ಟು ಹೇಳದೆಯೇ ತಲುಪುತ್ತದೆ. ಹಾಗೆ ತಲುಪಿದ ಮಾತು ಮುಂದಿನ ಸೆಮಿಸ್ಟರಿನಲ್ಲಿ ಕೈ ಎತ್ತಿ ಪ್ರಶ್ನೆ ಕೇಳುವುದನ್ನು ತಡೆಯುತ್ತದೆ.

ಇನ್ನೊಂದು ದಾರಿಯ ಸುಳಿವು ಸಿಕ್ಕಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಹತ್ತು ವರ್ಷಗಳ ದಾಖಲೆ ತೆಗೆದು ನೋಡಿದರೆ, ಮೊದಲ ಕಲನಶಾಸ್ತ್ರದ ಕೋರ್ಸು ಮುಗಿಸಿದ ಕಪ್ಪುವರ್ಣದ ವಿದ್ಯಾರ್ಥಿಗಳಲ್ಲಿ ಸುಮಾರು ಶೇಕಡಾ 60 ಮಂದಿಗೆ ಡಿ ಅಥವಾ ಎಫ್ ದರ್ಜೆ ಬಂದಿತ್ತು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತಿತ್ತು: ಛಲ ಸಾಲದು, ತಳಪಾಯ ಸಾಲದು, ಮನೆಯ ಬೆಂಬಲವಿಲ್ಲ, ಬಡತನ. ಯೂರಿ ಟ್ರೈಸ್‌ಮನ್ ಎಂಬ ಯುವ ಗಣಿತಜ್ಞ ಈ ಉತ್ತರಗಳನ್ನು ನಂಬಿ ಕೂರದೆ 20 ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ 20 ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿ, ಅವರು ಓದುವ ಕಡೆಗೆಲ್ಲ ಹೋಗಿ, ಸುಮಾರು 18 ತಿಂಗಳು ಗಮನಿಸಿದರು. ನಾಲ್ಕೂ ಉತ್ತರಗಳು ನಿಲ್ಲಲಿಲ್ಲ. ಮಗು ಹುಟ್ಟುವ ಮೊದಲೇ ಅದನ್ನು ಕಾಲೇಜಿಗೆ ಕಳಿಸಬೇಕೆಂದು ನಿಶ್ಚಯಿಸಿದ್ದ ಮನೆಗಳಿಂದ ಬಂದವರಿದ್ದರು. ತಮ್ಮ ಶಾಲೆಗೇ ಮೊದಲಿಗರಾಗಿ ಬಂದವರಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೇ ಬೇಗ ಬಿಟ್ಟುಹೋಗುತ್ತಿದ್ದುದೂ ಉಂಟು. ಕಣ್ಣಿಗೆ ಬಿದ್ದ ನಿಜವಾದ ವ್ಯತ್ಯಾಸ ಬೇರೆಯೇ ಇತ್ತು. ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದಿ ಎಂದು ಅಧ್ಯಾಪಕರು ಹೇಳಿದ್ದರು. ಕಪ್ಪು ವಿದ್ಯಾರ್ಥಿಗಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿ ವಾರಕ್ಕೆ ಎಂಟು ಗಂಟೆ ಓದುತ್ತಿದ್ದರು, ಒಬ್ಬೊಬ್ಬರೇ. 20ರಲ್ಲಿ 18 ಮಂದಿ ಸಹಪಾಠಿಗಳ ಜೊತೆ ಒಮ್ಮೆಯೂ ಕೂತು ಓದಿದವರಲ್ಲ. ಚೀನೀ ಮೂಲದವರು ಸುಮಾರು 14 ಗಂಟೆ ಕೊಡುತ್ತಿದ್ದರು: ಎಂಟು ಹತ್ತು ಗಂಟೆ ಒಬ್ಬರೇ, ಉಳಿದದ್ದು ಸಂಜೆ ಗೆಳೆಯರೊಡನೆ. ಉತ್ತರ ತಾಳೆ ನೋಡುವುದು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. ಒಂದು ಲೆಕ್ಕ ಯಾರಿಗೂ ಬಾರದೆ ಹೋದರೆ ಅದು ಲೆಕ್ಕದ ಕಷ್ಟ ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೋಣೆಯಲ್ಲಿ ಕೂತವನು ಅದೇ ಲೆಕ್ಕ ಬಾರದಿದ್ದಾಗ ತನ್ನ ತಲೆಯನ್ನೇ ಶಂಕಿಸುತ್ತಿದ್ದ.

1978ರಲ್ಲಿ ಟ್ರೈಸ್‌ಮನ್ ಮತ್ತು ಅವರ ಜೊತೆಯವರು ಹಿಂದುಳಿದವರಿಗೆ ಪರಿಹಾರ ಬೋಧನೆ ಎಂಬ ಹಣೆಪಟ್ಟಿಯನ್ನು ಕಿತ್ತುಹಾಕಿ, ಗಣಿತದಲ್ಲಿ ಮುಂದೆ ಬರಬೇಕೆನ್ನುವವರಿಗೆ ಎಂದು ಹೇಳಿ ಒಂದು ಕಾರ್ಯಾಗಾರ ಶುರುಮಾಡಿದರು. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ. ಉಪನ್ಯಾಸವಿಲ್ಲ. ತರಗತಿಯ ಲೆಕ್ಕಗಳಿಗಿಂತ ಕಠಿಣವಾದ ಲೆಕ್ಕಗಳ ಹಾಳೆಯೊಂದನ್ನು ಹಂಚುವುದು. ಮೊದಲು ಒಬ್ಬೊಬ್ಬರೇ ಕೈಹಚ್ಚುವುದು, ಆಮೇಲೆ ಗುಂಪಿನಲ್ಲಿ ವಾದ ಮಾಡುವುದು. ನಡೆಸುವವರು ಮೇಜಿನಿಂದ ಮೇಜಿಗೆ ಓಡಾಡುತ್ತ, ಉತ್ತರ ಹೇಳದೆ, ಯಾಕೆ ಹಾಗೆ ಎಂದು ಕೇಳುವುದು. ಕಾರ್ಯಾಗಾರಕ್ಕೆ ಬಂದ ಕಪ್ಪು ಮತ್ತು ಲ್ಯಾಟಿನೋ ವಿದ್ಯಾರ್ಥಿಗಳು ಅದಕ್ಕೆ ಬಾರದ ತಮ್ಮವರಿಗಿಂತ ಮಾತ್ರವಲ್ಲ, ಬಿಳಿಯ ಮತ್ತು ಏಷ್ಯಾ ಮೂಲದ ಸಹಪಾಠಿಗಳಿಗಿಂತಲೂ ಮುಂದೆ ಬಂದರು. ಪ್ರವೇಶ ಪರೀಕ್ಷೆಯ ಗಣಿತದಲ್ಲಿ 600ರ ಆಸುಪಾಸಿನ ಅಂಕದವರು 700ರ ಮಧ್ಯದ ಅಂಕದವರಿಗೆ ಸಮನಾಗಿ ನಿಂತರು. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳು ಈ ಮಾದರಿಯನ್ನು ಎತ್ತಿಕೊಂಡವು. 1992ರಲ್ಲಿ ಟ್ರೈಸ್‌ಮನ್ ಅವರಿಗೆ ಮ್ಯಾಕ್ಆರ್ಥರ್ ಫೆಲೋಶಿಪ್ ಬಂತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ ಫ್ರೀಮನ್ ಹ್ರಬೋವ್‌ಸ್ಕಿ 1988ರಲ್ಲಿ ಮುಂದೆ ನಿಂತು ಕಟ್ಟಿದ ಮೈಯರ್‌ಹಾಫ್ ವಿದ್ಯಾರ್ಥಿವೇತನದ ಕಾರ್ಯಕ್ರಮದಲ್ಲೂ ಇದೇ ನಂಬಿಕೆಯಿದೆ. ಅಲ್ಲಿ ಸೇರುವವರೆಲ್ಲ ಕಾಲೇಜಿಗೆ ಮುಂಚಿನ ಬೇಸಿಗೆಯಲ್ಲಿ ಆರು ವಾರ ಒಟ್ಟಿಗೆ ಇದ್ದು ಓದುತ್ತಾರೆ. ಓದುವುದು ಕ್ರೆಡಿಟ್ ಸಿಗುವ ಕಾಲೇಜು ಮಟ್ಟದ ಪಾಠವನ್ನೇ. ಒಬ್ಬರೇ ಓದುವುದನ್ನು ಬಿಟ್ಟು ಗುಂಪಾಗಿ ಓದಲು ಕಲಿಯುವುದು ಆ ಆರು ವಾರಗಳ ಮುಖ್ಯ ಕೆಲಸ. ಹೀಗೆ ಕಟ್ಟಿದ ಗುಂಪು ನಾಲ್ಕು ವರ್ಷವೂ ಒಡೆಯದಂತೆ ನೋಡಿಕೊಳ್ಳುತ್ತಾರೆ.

ತಳಪಾಯವೇ ಗಟ್ಟಿಯಿಲ್ಲದವರಿಗೆ ಮುಂದಿನ ಪಾಠ ಕೊಟ್ಟರೆ ಏನಾದೀತು ಎಂಬುದು ಇಲ್ಲಿ ಏಳುವ ಮೊದಲ ಪ್ರಶ್ನೆ, ಮತ್ತು ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಗಣಿತದ ಒಳಗಿಂದಲೇ ಕೊಡಬಹುದು. ಹೊಸದಾಗಿ ಕಾಲೇಜಿಗೆ ಬರುವವರಲ್ಲಿ ಬಹಳ ಸಾಮಾನ್ಯವಾದ ಒಂದು ತಪ್ಪಿದೆ: ಎರಡು ಸಂಖ್ಯೆಗಳ ಮೊತ್ತದ ವರ್ಗವೆಂದರೆ ಅವುಗಳ ವರ್ಗಗಳ ಮೊತ್ತ ಎಂದು ಬರೆದುಬಿಡುವುದು. 3 ಕೂಡಿಸು ಎಚ್, ಇಡೀ ವರ್ಗ ಎಂದರೆ 9 ಕೂಡಿಸು ಎಚ್ ವರ್ಗ ಎಂದು ಅವರು ಬರೆಯುತ್ತಾರೆ. ನಡುವಿನ 6 ಎಚ್ ಕಾಣೆಯಾಗಿರುತ್ತದೆ. ಹಿಂದಿನ ಪಾಠದ ಶಿಬಿರದಲ್ಲಿ ಇದಕ್ಕೆ ಮದ್ದೆಂದರೆ ಸೂತ್ರವನ್ನು ಮತ್ತೆ ಬರೆಸಿ ಅಂಥ 40 ಲೆಕ್ಕ ಮಾಡಿಸುವುದು. 41ನೆಯದರಲ್ಲಿ ತಪ್ಪು ಮರಳಿ ಬರುತ್ತದೆ, ಯಾಕೆಂದರೆ ಆ ತಪ್ಪಿನಿಂದ ಏನು ಕೆಟ್ಟಿತು ಎಂಬುದು ಅವರಿಗೆ ಎಲ್ಲಿಯೂ ಕಂಡಿಲ್ಲ. ಈಗ ಅದೇ ತಪ್ಪನ್ನು ಕಲನಶಾಸ್ತ್ರದ ಮೊದಲ ವಾರಕ್ಕೆ ತನ್ನಿ. ಎಕ್ಸ್ ವರ್ಗದ ವಕ್ರರೇಖೆ 3ರ ಬಳಿ ಎಷ್ಟು ಕಡಿದಾಗಿ ಏರುತ್ತದೆ ಎಂಬುದು ಲೆಕ್ಕ. 3 ಕೂಡಿಸು ಎಚ್‌ನ ವರ್ಗದಿಂದ 9 ಕಳೆಯಬೇಕು, ಎಚ್‌ನಿಂದ ಭಾಗಿಸಬೇಕು, ಎಚ್ ಸೊನ್ನೆಯ ಹತ್ತಿರಕ್ಕೆ ಹೋದಾಗ ಏನು ಉಳಿಯುತ್ತದೆ ನೋಡಬೇಕು. ತಪ್ಪು ಸೂತ್ರ ಹಿಡಿದವನಿಗೆ ಎಚ್ ವರ್ಗ ಭಾಗಿಸು ಎಚ್, ಅಂದರೆ ಬರಿಯ ಎಚ್ ಉಳಿಯುತ್ತದೆ. ಅದು ಸೊನ್ನೆಗೆ ಹೋಗುತ್ತದೆ. ಹಾಗಾದರೆ ರೇಖೆ ಅಲ್ಲಿ ಮಟ್ಟಸವಾಗಿ ಮಲಗಿರಬೇಕು. ಆದರೆ ಪಕ್ಕದಲ್ಲಿ ಕೂತವಳು ಅದೇ ರೇಖೆಯನ್ನು ಹಾಳೆಯಲ್ಲಿ ಬರೆದಿದ್ದಾಳೆ: 3ಕ್ಕೆ 9, 4ಕ್ಕೆ 16, ರೇಖೆ ಎದ್ದು ಏರುತ್ತಿದೆ. ಇನ್ನೊಬ್ಬ ಕ್ಯಾಲ್ಕುಲೇಟರಿನಲ್ಲಿ 3.1ರ ವರ್ಗ ತೆಗೆಯುತ್ತಾನೆ, 9.61 ಬರುತ್ತದೆ; ಏರಿದ 0.61ನ್ನು 0.1ರಿಂದ ಭಾಗಿಸಿದರೆ 6.1. 3.01 ಇಟ್ಟು ನೋಡಿದರೆ 6.01. ಸೊನ್ನೆ ಎಲ್ಲಿ, ಆರು ಎಲ್ಲಿ? ಹಿಂದಕ್ಕೆ ಹೋಗಿ ಹುಡುಕಿದರೆ ಕಾಣೆಯಾಗಿದ್ದ 6 ಎಚ್ ಸಿಗುತ್ತದೆ, ಇಡೀ ಉತ್ತರ ಅದರಲ್ಲೇ ಇತ್ತೆಂದು ತಿಳಿಯುತ್ತದೆ. ಹೀಗೆ ತಾನೇ ಕಂಡುಹಿಡಿದ ತಪ್ಪನ್ನು ಮತ್ತೆ ಮಾಡುವುದು ಕಷ್ಟ. ಹಿಂದಿನ ಪಾಠ ಇಲ್ಲಿ ಬಿಟ್ಟುಹೋಗಲಿಲ್ಲ. ಬೇಕಾದ ಜಾಗದಲ್ಲಿ, ಬೇಕಾದ ಗಳಿಗೆಯಲ್ಲಿ, ಕಾರಣ ಸಹಿತ ಬಂತು.

ಬರ್ಕ್ಲಿಗೆ ಬರುವವರು ಮೊದಲೇ ಆಯ್ದ ಮಕ್ಕಳು, ಅವರ ಮಾತನ್ನು ಎಲ್ಲರಿಗೂ ಹೇಗೆ ಅನ್ವಯಿಸುತ್ತೀರಿ ಎಂದು ನೀವು ಕೇಳಬಹುದು. ಒಪ್ಪುತ್ತೇನೆ. ಅಲ್ಲಿ ಚೀಟಿ ಎತ್ತಿ ವಿಂಗಡಿಸಿದ ಪರೀಕ್ಷೆಯೂ ನಡೆದಿರಲಿಲ್ಲ. ಆ ದೃಷ್ಟಿಯಿಂದ ಟೆಕ್ಸಾಸಿನ ಸಾಕ್ಷ್ಯಕ್ಕಿರುವ ಬಿಗಿ ಬರ್ಕ್ಲಿಯದಕ್ಕಿಲ್ಲ. ಆದ್ದರಿಂದ ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ನಡೆದ ಇನ್ನೊಂದು ಪರೀಕ್ಷೆಯನ್ನೂ ನೋಡೋಣ. ಮೂರು ಸಮುದಾಯ ಕಾಲೇಜುಗಳಲ್ಲಿ, ಮೊದಲು ಪ್ರಾಥಮಿಕ ಬೀಜಗಣಿತವನ್ನು ಮತ್ತೆ ಕಲಿಯಬೇಕು ಎಂದು ಪರೀಕ್ಷೆ ಹೇಳಿದ್ದ ಸುಮಾರು 900 ಮಂದಿಯನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಮಾಮೂಲು ಬೀಜಗಣಿತ, ಒಂದಕ್ಕೆ ಬೀಜಗಣಿತದ ಜೊತೆ ವಾರದ ಕಾರ್ಯಾಗಾರ, ಮೂರನೆಯದಕ್ಕೆ ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರ, ಅದರ ಜೊತೆಗೂ ಕಾರ್ಯಾಗಾರ. ಪಾಸಾದವರು ಕ್ರಮವಾಗಿ ಶೇಕಡಾ 39, 45 ಮತ್ತು 56. ಮೊದಲು ಹಿಂದಿನ ಪಾಠವೇ ಆಗಬೇಕು ಎನ್ನಿಸಿಕೊಂಡವರು, ಕೈಹಿಡಿದು ನಡೆಸುವವರಿದ್ದಾಗ, ಮುಂದಿನ ಪಾಠದಲ್ಲಿ ಹೆಚ್ಚು ಪಾಸಾದರು. ಇದರ ಮೇಲೂ ಒಂದು ನ್ಯಾಯವಾದ ಆಕ್ಷೇಪವಿದೆ: ಸಂಖ್ಯಾಶಾಸ್ತ್ರ ಬೇರೆ, ಬೀಜಗಣಿತ ಬೇರೆ, ಎಂಜಿನಿಯರ್ ಆಗುವವನಿಗೆ ಒಂದರ ಬದಲು ಇನ್ನೊಂದು ಕೊಡಲಾಗದು. 39ಕ್ಕೂ 45ಕ್ಕೂ ಇರುವ ಅಂತರವೂ ಸಣ್ಣದು, ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟುವುದು ಸರಿಯಲ್ಲ. ನಾನು ಇದರಿಂದ ಎತ್ತಿಕೊಳ್ಳುವುದು ಇಷ್ಟನ್ನೇ: ಮೊದಲು ಹಿಂದಿನದೆಲ್ಲ ಮುಗಿಯಲಿ, ಆಮೇಲೆ ಮುಂದಿನದು ಎಂಬ ಕಟ್ಟುನಿಟ್ಟು, ಅದು ಯಾರ ಒಳಿತಿಗೆಂದು ಇದೆಯೋ ಅವರಿಗೇ ಅಡ್ಡಿಯಾಗುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯವೂ ಇದನ್ನು ಕಂಡುಕೊಂಡಿತು. ಆಗ 23 ಕ್ಯಾಂಪಸ್ಸುಗಳಿದ್ದ ಆ ಸಂಸ್ಥೆ 2012ರಿಂದ ಬೇಸಿಗೆಯ ಗಣಿತ ತಯಾರಿಯನ್ನು ಕಡ್ಡಾಯ ಮಾಡಿತ್ತು. 2017ರ ಆದೇಶದಲ್ಲಿ ಕ್ರೆಡಿಟ್ ಇಲ್ಲದ ಹಿಂದಿನ ಕೋರ್ಸುಗಳನ್ನೇ ತೆಗೆದುಹಾಕಿ, ಬೇಸಿಗೆಯಲ್ಲಿ ಮಾಡುವುದಿದ್ದರೆ ಕ್ರೆಡಿಟ್ ಸಿಗುವ ಕಾಲೇಜು ಗಣಿತವನ್ನೇ ಮಾಡಿಸಬೇಕೆಂದು ಬದಲಿಸಿತು.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ಸೇತುಬಂಧ ನಡೆಯುತ್ತದೆ: ನೈದಾನಿಕ ಪರೀಕ್ಷೆ, ಹಿಂದಿನ ತರಗತಿಯ ಸಾಮರ್ಥ್ಯಗಳ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಚಿಕ್ಕ ಮಕ್ಕಳಿಗೆ, ಅದರಲ್ಲೂ ರಜೆಯಲ್ಲಿ ಮರೆತದ್ದನ್ನು ನೆನಪಿಸಲು, ಅದಕ್ಕೊಂದು ಅರ್ಥವಿದೆ. ಅದೇ ಅಚ್ಚನ್ನು ಕಾಲೇಜಿಗೆ ಎತ್ತಿ ತಂದಾಗ ತೊಂದರೆ ಶುರುವಾಗುತ್ತದೆ. ಡಿಪ್ಲೊಮಾ ಮುಗಿಸಿದವರು ಬಿಇಗೆ ನೇರವಾಗಿ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ ಬರುತ್ತಾರೆ. ಎಸ್ಸೆಸ್ಸೆಲ್ಸಿಯ ನಂತರ ಪಾಲಿಟೆಕ್ನಿಕ್ ಸೇರಿ, ಕೈಕೆಲಸದ ತಿಳಿವಳಿಕೆಯಲ್ಲಿ ಪಿಯು ಮಕ್ಕಳಿಗಿಂತ ಎಷ್ಟೋ ಮುಂದಿರುವ ಇವರಿಗೆ ಗಣಿತದಲ್ಲಿ ಮಾತ್ರ ಅಂತರವಿರುತ್ತದೆ. ಅದನ್ನು ತುಂಬಲು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2018ರ ಪಠ್ಯಕ್ರಮದಲ್ಲಿ ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತದ ಎರಡು ವಿಷಯಗಳನ್ನಿಟ್ಟಿತು: ಪಾಸಾಗುವುದು ಕಡ್ಡಾಯ, ಕ್ರೆಡಿಟ್ ಇಲ್ಲ. ಅಂಥ ಹುಡುಗನೊಬ್ಬನ ಆಗಿನ ವೇಳಾಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೂರನೆಯ ಸೆಮಿಸ್ಟರಿನ ಮಾಮೂಲು ಗಣಿತದಲ್ಲಿ ಲಾಪ್ಲಾಸ್ ರೂಪಾಂತರ, ಫೂರಿಯೇ ಶ್ರೇಣಿ ನಡೆಯುತ್ತಿತ್ತು. ಅದೇ ವಾರ ಇನ್ನೊಂದು ಪೀರಿಯಡ್ಡಿನಲ್ಲಿ, ಆ ಫೂರಿಯೇ ಶ್ರೇಣಿಗೆ ಬೇಕಾದ ಅನುಕಲನದ ಮೊದಲ ಪಾಠಗಳು ನಡೆಯುತ್ತಿದ್ದವು. ಒಂದಕ್ಕೊಂದು ಸಂಬಂಧವಿಟ್ಟುಕೊಂಡು ಕಲಿಸಿದರೆ ಇದೇ ದೊಡ್ಡ ಅನುಕೂಲವಾಗಬಹುದಿತ್ತು. ಬೇರೆ ಬೇರೆ ವಿಷಯ, ಬೇರೆ ಬೇರೆ ಪರೀಕ್ಷೆ ಎಂದಾದಾಗ ಹಿಂದಿನದೂ ಮುಂದಿನದೂ ಎರಡೂ ಬ್ಯಾಕ್ ಉಳಿಯುವ ಅಪಾಯವಿತ್ತು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದದವರಿಗೂ ಎಂಜಿನಿಯರಿಂಗ್ ಬಾಗಿಲು ತೆರೆಯಬಹುದು, ವಿಶ್ವವಿದ್ಯಾಲಯಗಳು ಬ್ರಿಡ್ಜ್ ಕೋರ್ಸ್ ನಡೆಸಿಕೊಳ್ಳಲಿ ಎಂದು ಕೈಪಿಡಿಯಲ್ಲಿ ಬರೆದಾಗ ಎದ್ದ ವಿರೋಧ ನಿಮಗೆ ನೆನಪಿರಬಹುದು. ಎರಡು ವರ್ಷದ ಗಣಿತವನ್ನು ಒಂದು ಬ್ರಿಡ್ಜ್ ಕೋರ್ಸಿನ ತಲೆಗೆ ಕಟ್ಟುವ ಮಾತಾಗಿದ್ದರಿಂದ ಆ ಆತಂಕ ನ್ಯಾಯವಾದದ್ದೇ ಆಗಿತ್ತು.

ನಮ್ಮ ಮಕ್ಕಳ ವಿಷಯದಲ್ಲಿ ಗುಂಪಿನ ಓದಿಗೆ ಅಮೆರಿಕದಲ್ಲಿಲ್ಲದ ಒಂದು ಹೆಚ್ಚಿನ ಕಾರಣವೂ ಇದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದವರಿಗೆ ಕಾಲೇಜಿನ ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಉಪನ್ಯಾಸದ ನಡುವೆ ನಿಲ್ಲಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಧೈರ್ಯ ಹೆಚ್ಚಿನವರಿಗಿರುವುದಿಲ್ಲ. ಗಣಿತದ ಸಂದೇಹ ಭಾಷೆಯ ಸಂಕೋಚದಡಿ ಹೂತುಹೋಗುತ್ತದೆ. ನಾಲ್ಕು ಜನ ಒಂದು ಹಾಳೆಯ ಸುತ್ತ ಕೂತಾಗ ಪ್ರಶ್ನೆ ಇಂಗ್ಲಿಷಿನಲ್ಲಿದ್ದರೂ ವಾದ ಕನ್ನಡದಲ್ಲಿ ನಡೆಯುತ್ತದೆ. ‘ಅಲ್ಲ ಕಣೇ, ಇದನ್ನ ಹಂಗೆ ಕ್ಯಾನ್ಸಲ್ ಮಾಡಕ್ಕಾಗಲ್ಲ, ಕೆಳಗಡೆ ಪ್ಲಸ್ ಇದೆ ನೋಡು’ ಎನ್ನುವ ಮಾತು ಗಣಿತದ ಮಾತೇ, ಒಳ್ಳೆಯ ಗಣಿತದ ಮಾತು. ಯೋಚನೆ ತನ್ನ ಭಾಷೆಯಲ್ಲಿ ಸ್ಪಷ್ಟವಾದಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ರೂಢಿಯಿಂದ ಬರುತ್ತದೆ. ಗುಂಪಿನಲ್ಲಿ ಒಬ್ಬ ಬಿಡಿಸುತ್ತಾನೆ, ಮೂವರು ನಕಲು ಮಾಡುತ್ತಾರೆ ಎಂಬ ಅಂಜಿಕೆ ಅಧ್ಯಾಪಕರಲ್ಲಿದೆ. ಸುಲಭದ ಲೆಕ್ಕ ಕೊಟ್ಟರೆ ಹಾಗೇ ಆಗುತ್ತದೆ. ಒಬ್ಬನಿಂದ ಆಗದಷ್ಟು ಕಷ್ಟದ ಲೆಕ್ಕ ಕೊಡುವುದಕ್ಕೆ ಇದೂ ಒಂದು ಕಾರಣ. ಜೊತೆಗೆ, ಯಾರು ಹಲಗೆಯ ಬಳಿ ಬಂದು ವಿವರಿಸಬೇಕೆಂದು ಕೊನೆಯ ಗಳಿಗೆಯಲ್ಲಿ ಹೇಳುವ ಸರಳ ನಿಯಮವೊಂದಿದ್ದರೆ ಸುಮ್ಮನೆ ಕೂತಿದ್ದವರೂ ಕೇಳತೊಡಗುತ್ತಾರೆ.

ಸಮಯ ಎಲ್ಲಿದೆ ಎನ್ನುವುದು ನಮ್ಮಲ್ಲಿ ಎಲ್ಲಕ್ಕಿಂತ ನಿಜವಾದ ತೊಡಕು. ನಮ್ಮ ಬೇಸಿಗೆ ಸಿಇಟಿ ಮತ್ತಿತರ ಪ್ರವೇಶ ಪರೀಕ್ಷೆಗಳಲ್ಲಿ ಕಳೆಯುತ್ತದೆ. ಸೀಟು ಹಂಚಿಕೆ ಸುತ್ತಿನ ಮೇಲೆ ಸುತ್ತು ನಡೆದು ಯಾವ ಕಾಲೇಜು ಎಂದು ಗೊತ್ತಾಗುವ ಹೊತ್ತಿಗೆ ತರಗತಿ ಶುರುವಾಗುವ ದಿನ ಬಂದಿರುತ್ತದೆ. ಕೊನೆಯ ಸುತ್ತಿನಲ್ಲಿ ಬರುವವರಿಗೆ ಮೊದಲ ವಾರಗಳ ಪಾಠವೂ ತಪ್ಪಿಹೋಗಿರುತ್ತದೆ, ಮತ್ತು ನೆರವು ಹೆಚ್ಚು ಬೇಕಾದವರಲ್ಲಿ ಅವರೂ ಇರುತ್ತಾರೆ. ಆದ್ದರಿಂದ ಅಮೆರಿಕದ ಬೇಸಿಗೆ ಶಿಬಿರವನ್ನು ಇದ್ದಂತೆ ಇಲ್ಲಿಗೆ ತರಲಾಗದು, ತರಬೇಕಾಗಿಯೂ ಇಲ್ಲ. ತಾಂತ್ರಿಕ ಶಿಕ್ಷಣ ಪರಿಷತ್ತು ಹೊಸ ವಿದ್ಯಾರ್ಥಿಗಳಿಗೆಂದು ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು 2017ರಿಂದಲೇ ರೂಢಿಗೆ ತಂದಿದೆ. ಅದರಲ್ಲಿ ದಿನಕ್ಕೆ ಎರಡು ಗಂಟೆ ಲೆಕ್ಕದ ಹಾಳೆಗೆ ಬಿಟ್ಟರೆ ಗುಂಪು ಕಟ್ಟಲು ಸಾಕು. ಆಮೇಲೆ ಬೇಕಾದದ್ದು ಬರ್ಕ್ಲಿಯಲ್ಲಿ ನಡೆದಂತೆ ವಾರಕ್ಕೆ ಎರಡು ಸಲ, ಎರಡೆರಡು ಗಂಟೆ, ಸೆಮಿಸ್ಟರು ಮುಗಿಯುವವರೆಗೆ. ಅದು ಎಲ್ಲ ತರಗತಿ ಮುಗಿದು ಬಸ್ಸು ಹಿಡಿಯುವ ಹೊತ್ತಿಗೆ ಇಟ್ಟುಕೊಳ್ಳುವ ಪೀರಿಯಡ್ ಆಗಬಾರದು. ಹಳ್ಳಿಯಿಂದ ಓಡಾಡುವ ಹುಡುಗಿಗೆ, ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಸಂಜೆಯ ತರಗತಿ ಇದ್ದೂ ಇಲ್ಲದಂತೆ. ವೇಳಾಪಟ್ಟಿಯ ನಡುವೆ, ಲ್ಯಾಬಿಗೆ ಕೊಡುವ ಹಾಗೆ ಜಾಗ ಕೊಡಬೇಕು. ಲ್ಯಾಬಿಗೆ ಸಿಗುವ ಹಾಗೆ ಕ್ರೆಡಿಟ್ಟೂ ಸಿಗಬೇಕು. ಡಿಪ್ಲೊಮಾ ಮಕ್ಕಳ ಹೆಚ್ಚುವರಿ ಗಣಿತದಂಥ ವಿಷಯಗಳಿಗೆ ಮೊದಲು ಬೇಕಾದ ಬದಲಾವಣೆ ಇದೇ, ಯಾಕೆಂದರೆ ಕ್ರೆಡಿಟ್ ಇಲ್ಲದ ಗಣಿತ ತಮ್ಮ ಪಾಲಿಗೆ ದಂಡ ಎಂದು ಅವರಿಗನ್ನಿಸಿದರೆ ತಪ್ಪೇನಿಲ್ಲ. ಬರೀ ಅವರನ್ನೇ ಪ್ರತ್ಯೇಕವಾಗಿ ಕೂರಿಸುವುದೂ ಬೇಡ. ಪಿಯುನಿಂದ ಬಂದವರು ಇಬ್ಬರು, ಡಿಪ್ಲೊಮಾದವರು ಇಬ್ಬರು ಒಂದು ಮೇಜಿನಲ್ಲಿದ್ದರೆ, ಮೋಟಾರು ತಿರುಗುವುದನ್ನು ಕಣ್ಣಾರೆ ಕಂಡವನಿಗೂ ಸಮೀಕರಣ ಬಿಡಿಸಬಲ್ಲವಳಿಗೂ ಪರಸ್ಪರ ಹೇಳಿಕೊಡಲು ಬೇಕಾದಷ್ಟಿರುತ್ತದೆ.

ನಡೆಸುವವರು ಯಾರು ಎಂಬುದು ಉಳಿಯಿತು. ಇದಕ್ಕೆ ಹೊಸ ಹುದ್ದೆಗಳನ್ನು ಕಾಯಬೇಕಾಗಿಲ್ಲ. ಒಂದು ಕೋಣೆಯಲ್ಲಿ 30 ಮಂದಿ, ಒಬ್ಬ ಅಧ್ಯಾಪಕ, ಇಬ್ಬರು ಸೀನಿಯರ್ ವಿದ್ಯಾರ್ಥಿಗಳು ಸಾಕು. ಆ ಸೀನಿಯರುಗಳು ರ‍್ಯಾಂಕ್ ಪಡೆದವರೇ ಆಗಬೇಕೆಂದಿಲ್ಲ; ಹಿಂದಿನ ವರ್ಷ ಇದೇ ಗಣಿತದಲ್ಲಿ ಒದ್ದಾಡಿ ಮೇಲೆ ಬಂದವರಾದರೆ ಇನ್ನೂ ಒಳ್ಳೆಯದು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆಂದು ಅವರಿಗೆ ಗೊತ್ತು. ಅವರ ಗಂಟೆಗಳಿಗೆ ಸಂಭಾವನೆ ಕೊಡಬೇಕು. ಅಧ್ಯಾಪಕರ ಪಾಲಿಗೆ ದೊಡ್ಡ ಕೆಲಸವೆಂದರೆ ಲೆಕ್ಕದ ಹಾಳೆ ತಯಾರಿಸುವುದು, ಮತ್ತು ಅದನ್ನು ಹಗುರವಾಗಿ ಕಾಣಬಾರದು. ಹಳೆಯ ತಪ್ಪು ತಾನಾಗಿ ಹೊರಬೀಳುವಂತೆ, ಎರಡು ದಾರಿಯಲ್ಲಿ ಬಿಡಿಸಿ ತಾಳೆ ನೋಡಬಹುದಾದಂತೆ, ಸುಲಭದಿಂದ ಶುರುವಾಗಿ ಯಾರನ್ನಾದರೂ ನಿಲ್ಲಿಸುವಷ್ಟು ಕಷ್ಟಕ್ಕೆ ಏರುವಂತೆ ಎಂಟು ಲೆಕ್ಕ ಜೋಡಿಸಲು ಒಂದು ಇಡೀ ದಿನ ಹಿಡಿಯಬಹುದು. ಆ ದಿನವನ್ನು ಅವರ ಬೋಧನೆಯ ಹೊರೆಯಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಒಂದು ವಿಶ್ವವಿದ್ಯಾಲಯದ ಬಹುಪಾಲು ಕಾಲೇಜುಗಳು ಒಂದೇ ಪಠ್ಯಕ್ರಮ ಓದುವ ನಮ್ಮ ವ್ಯವಸ್ಥೆ ಇಲ್ಲಿ ವರವೇ ಆಗುತ್ತದೆ: ಹತ್ತು ಕಾಲೇಜಿನ ಗಣಿತ ಅಧ್ಯಾಪಕರು ಹಾಳೆಗಳನ್ನು ಹಂಚಿಕೊಂಡು ಬರೆದರೆ, ಒಂದು ಸೆಮಿಸ್ಟರಿಗೆ ಬೇಕಾಗುವ ಮೂವತ್ತು ಚಿಲ್ಲರೆ ಹಾಳೆಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಮೂರೋ ನಾಲ್ಕೋ.